ಜಾವಾ ಬಂಡಿಯಲ್ಲಿ ಮಡಿಕೇರಿಯ ಪ್ರಯಾಣ

ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳನ್ನು ದಾಟಿ ಸುಮಾರು 120 ಕಿಲೋಮೀಟರು ನಡೆಯುವ ಈ ರಸ್ತೆಯಲ್ಲಿ ಮೋಟಾರು ಬಸ್ಸುಗಳು ಮೂರು ನಾಲ್ಕು ಘಂಟೆಗಳಲ್ಲಿ ಊರು ಮುಟ್ಟಿಸುತ್ತವೆ. ಅಂತಹ ದಾರಿಯನ್ನು ಕುರಿತು ಬರೆಯುವುದೇನಿದೆ ಎಂದು ಯಾರಾದರೂ ಕೇಳಬಹುದು. ಕಳೆದ ಡಿಸೆಂಬರು ತಿಂಗಳಿನಲ್ಲಿ ಇದೇ ದಾರಿಯನ್ನು ನಾನು ಐವತ್ತು ವರ್ಷಗಳಿಗೂ ಮೀರಿದ ಒಂದು ಮೋಟಾರು ಸೈಕಲ್ಲಿನ ಮೇಲೆ ಕ್ರಮಿಸಿದೆನು. ಆ ದಿನ ನನಗೆ ಆದ ಅನುಭವವು ಗೃಹಸ್ಥರೆಲ್ಲರಿಗೂ ಒಂದಿಷ್ಟು ಉಪಯೋಗಕ್ಕೆ ಬರಬಹುದೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಆ ಬಂಡಿಯು ನಮ್ಮ ತಂದೆಯವರದು. ಅವರು ಮಡಿಕೇರಿಯಲ್ಲಿ ಉಪಾಧ್ಯಾಯರಾಗಿದ್ದಾಗ, 1967ರಲ್ಲಿ, ಮೈಸೂರಿಗೆ ಹೋಗಿ ಕೊಂಡು ತಂದ ಜಾವಾ ಬಂಡಿ ಅದು. ಜಾವಾ ಎಂಬ ಹೆಸರು ಮೂಲತಃ ಚೆಕ್ ದೇಶದ್ದು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಕಾರ್ಖಾನೆಯ ಮೋಟಾರು ಸೈಕಲ್ಲಿನ ವಿಭಾಗವನ್ನು ಕೊಂಡರು. ಇಬ್ಬರ ಹೆಸರುಗಳ ಮೊದಲಕ್ಷರಗಳು ಸೇರಿ ಈ ಹೆಸರಾಯಿತು. 1960ರ ಸುಮಾರಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯು ಸ್ಥಾಪಿತವಾಗಿ, ಚೆಕ್ಕರ ಅನುಮತಿಯಿಂದ ಅದೇ ಬಂಡಿಗಳು ನಮ್ಮ ಊರಿನಲ್ಲಿಯೇ ತಯಾರಾಗತೊಡಗಿದವು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರಲ್ಲಿಯೇ ಬಂಡಿಗೂ ಯೆಜ್ದಿ ಎಂಬ ಹೊಸ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆದರೂ ಮೈಸೂರಿನ ಬೀದಿಗಳಲ್ಲಿ ಎರಡು ಹೊಗೆಕೊಳವೆಗಳ ಆ ಗುಡುಗುಡು ಧ್ವನಿಯು ಇಂದಿಗೂ ನಿಂತಿಲ್ಲ. ಒಂದೇ ಕಾಲುಸನ್ನೆಯನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಒದೆಯುವ ಸನ್ನೆ, ಮುಂದಕ್ಕೆ ತಂದರೆ ಗಿಯರಿನ ಸನ್ನೆ. ಈ ಚಮತ್ಕಾರವನ್ನು ಮೊದಲ ಸಲ ಕಂಡವರು ಬೆರಗಾಗದೆ ಇರುವುದಿಲ್ಲ.

ನಮ್ಮ ತಂದೆಯವರಿಗೆ ಈಗ ಎಂಬತ್ತನಾಲ್ಕು ವರ್ಷ. ನನ್ನ ಅಕ್ಕನ ಮನೆಯಲ್ಲಿ, ಮಡಿಕೇರಿಯಲ್ಲಿ ಇದ್ದಾರೆ. ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಬಂಡಿಯು ಹತ್ತು ಹನ್ನೆರಡು ವರ್ಷ ಮೈಸೂರಿನ ನನ್ನ ಮನೆಯ ಹಿಂದಣ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿತ್ತು. ಕಳೆದ ವರ್ಷ ಅಕ್ಕನು ಫೋನಿನಲ್ಲಿ ಮಾತನಾಡುತ್ತ, "ಅಪ್ಪ ಈಚೆಗೆ ಆ ಬಂಡಿಯನ್ನು ಆಗಾಗ ನೆನೆಸಿಕೊಳ್ಳುತ್ತಾರೆ ಕಣೋ. ಕಣ್ಣಿಗೆ ಕಾಣದಿದ್ದರೆ ಏನು, ಸದ್ದನ್ನಾದರೂ ಕೇಳಿಸು," ಎಂದಳು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಆರು ತಿಂಗಳು ಬಿಡುವಿದ್ದಾಗಲೆಲ್ಲ ಕುಳಿತು ಬಂಡಿಯನ್ನು ಬಿಚ್ಚಿದೆನು, ತೊಳೆದೆನು, ಜೋಡಿಸಿದೆನು. ಚೌಕಟ್ಟಿಗೂ ತೊಟ್ಟಿಗೂ ಕಡುಗೆಂಪು ಬಣ್ಣವನ್ನು ಮೂರು ಸಲ ಹೊಡೆಸಿದೆನು. ಹಳೆಯ ತಂತಿಗಳನ್ನು ಕಿತ್ತು ಹೊಸ ತಂತಿಗಳನ್ನು ನಾನೇ ಎಳೆದೆನು. ಆಗ ವಿದ್ಯುತ್ತನ್ನು ನಿಯಂತ್ರಿಸುವ ಪೆಟ್ಟಿಗೆಯ ಬುಡದಿಂದ ಇಂಜಿನ್ನಿನ ಒಂದು ಬೋಲ್ಟಿಗೆ, ಯಾವ ನಕ್ಷೆಯಲ್ಲಿಯೂ ಇಲ್ಲದ, ಬಟ್ಟೆ ಸುತ್ತಿದ ಒಂದು ಮುದಿ ತಂತಿಯು ಕಣ್ಣಿಗೆ ಬಿದ್ದಿತು. ಅದು ಯಾವುದೋ ಹಳ್ಳಿಯ ಕೆಲಸಗಾರನ ಅಡ್ಡಕಸುಬೆಂದು ಎಣಿಸಿ, ನೋಟಕ್ಕೆ ಅಂದಗೇಡೆಂದು ತೆಗೆದುಹಾಕಿದೆನು. ಎಸೆಯಲು ಮನಸ್ಸು ಬಾರದೆ ಸುರುಳಿ ಸುತ್ತಿ ಸಾಮಾನಿನ ಚೀಲದಲ್ಲಿ ಇಟ್ಟೆನು.

ಹೊರಡುವ ದಿನ ಬೆಳಗ್ಗೆಯೇ ಹೊರಡಬೇಕೆಂದಿದ್ದವನು ಮನೆಯ ಕೆಲಸಗಳಿಂದ ತಡವಾಗಿ ಮಧ್ಯಾಹ್ನ ಎರಡು ಘಂಟೆಗೆ ಹೊರಟೆನು. "ಕತ್ತಲೆಗೆ ಮುಂಚೆ ಊರು ಸೇರಿಬಿಡಿ," ಎಂದು ನನ್ನಾಕೆಯು ಎರಡು ಸಲ ಎಚ್ಚರಿಸಿದಳು. ಇಲವಾಲದ ಬಳಿ ಬಿಸಿಲು ಹಿತವಾಗಿತ್ತು. 1957ರಲ್ಲಿ ವಿನೋಬಾ ಭಾವೆಯವರ ಗ್ರಾಮದಾನದ ವಿಚಾರವಾಗಿ ಸಮ್ಮೇಳನವು ಕೂಡಿ, ನೆಹರೂ ಅವರೂ ಬಂದು ಕುಳಿತ ಊರು ಅದು. ಬಿಳಿಕೆರೆಯನ್ನು ದಾಟಿ ಹುಣಸೂರಿಗೆ ಬರುವ ವೇಳೆಗೆ ಇಂಜಿನ್ನು ಕಾದು, ಹದವಾಗಿ ಹಾಡತೊಡಗಿತು. ಲಕ್ಷ್ಮಣತೀರ್ಥ ನದಿಯ ಸೇತುವೆಯ ಆಚೆ ಒಂದು ಹೋಟೆಲಿನಲ್ಲಿ ಕಾಫಿ ಕುಡಿದೆನು. ಅಲ್ಲಿ ನಿಂತಿದ್ದ ನಾಲ್ಕು ಜನ ಬಂಡಿಯ ಸುತ್ತ ಬಂದು ನಿಂತರು. ಬಣ್ಣವನ್ನು ಮೆಚ್ಚಿದರು. ನನಗೂ ಒಳಗೊಳಗೇ ಹೆಮ್ಮೆಯಾಗದೆ ಇರಲಿಲ್ಲ.

ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ದಾರಿಯ ಎರಡು ಕಡೆಯೂ ಹೊಗೆಸೊಪ್ಪಿನ ಸೀಮೆ. ಎಲೆ ಹದ ಮಾಡುವ ಎತ್ತರವಾದ ಮನೆಗಳು ಹೊಲಗಳ ನಡುವೆ ಅಲ್ಲಲ್ಲಿ ನಿಂತಿರುತ್ತವೆ. ಪಿರಿಯಾಪಟ್ಟಣ ಕಳೆದು ಐದಾರು ಕಿಲೋಮೀಟರು ಹೋಗಿರಬಹುದು. ರಸ್ತೆಯ ಒಂದು ಹಳ್ಳಕ್ಕೆ ಚಕ್ರವು ಇಳಿದೆದ್ದಿತು. ಆಗಲೇ ಕೈಹಿಡಿಯ ಮುಂದಿನ ಸಣ್ಣ ಕೆಂಪು ದೀಪವು ಹತ್ತಿಕೊಂಡಿತು. ಹತ್ತಿದ್ದು ಆರಲಿಲ್ಲ.

ಈ ಕೆಂಪು ದೀಪದ ಅರ್ಥವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಇಂಜಿನ್ನಿನ ಬಲಗಡೆ, ತಿರುಗುವ ಅಚ್ಚಿನ ತುದಿಯಲ್ಲಿಯೇ ಡೈನಮೊ ಎಂಬ ಯಂತ್ರವಿದೆ. ಅಚ್ಚು ತಿರುಗಿದಂತೆ ಅದು ಆರು ವೋಲ್ಟಿನ ವಿದ್ಯುತ್ತನ್ನು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ. ಅದರ ಶಕ್ತಿ 45 ವ್ಯಾಟು, ಎಂದರೆ ಏಳೂವರೆ ಆಂಪಿಯರು. ಡೈನಮೊಗೂ ಬ್ಯಾಟರಿಗೂ ನಡುವೆ ಒಂದು ಪೆಟ್ಟಿಗೆಯಿದೆ. ಕೆಲಸಗಾರರು ಇದನ್ನು ಕಟ್‌ಔಟ್ ಎನ್ನುತ್ತಾರೆ. ಡೈನಮೊ ಬಲವಾಗಿದ್ದಾಗ ಮಾತ್ರ ಬ್ಯಾಟರಿಗೆ ಬಾಗಿಲು ತೆರೆಯುವುದು, ಅದು ಸೋತಾಗ ಮುಚ್ಚುವುದು, ಮಿತಿ ಮೀರಿದಾಗ ಡೈನಮೊವನ್ನು ತಡೆಯುವುದು, ಇವು ಅದರ ಕೆಲಸಗಳು. ಕೆಂಪು ದೀಪದ ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಡೈನಮೊ. ಡೈನಮೊ ಸುಮ್ಮನಿದ್ದರೆ ಬ್ಯಾಟರಿಯ ವಿದ್ಯುತ್ತು ದೀಪದ ಮೂಲಕ ಹರಿದು ದೀಪವು ಉರಿಯುತ್ತದೆ. ಎರಡು ಕಡೆಯೂ ಸಮಬಲವಾದಾಗ ಹರಿಯುವುದಕ್ಕೆ ಕಾರಣವಿಲ್ಲದೆ ದೀಪವು ಆರುತ್ತದೆ. ಆದುದರಿಂದ ಬಂಡಿ ಓಡುತ್ತಿರುವಾಗ ಕೆಂಪು ದೀಪ ಉರಿದರೆ, ಮನೆಗೆ ವರಮಾನ ನಿಂತು ಖರ್ಚು ಮಾತ್ರ ನಡೆಯುತ್ತಿದೆಯೆಂದು ತಿಳಿಯಬೇಕು.

ಈ ಬಂಡಿಯಲ್ಲಿ ಇಂಜಿನ್ನಿನ ಕಿಡಿಯೂ ಬ್ಯಾಟರಿಯಿಂದಲೇ ಬರುವುದು. ಅದಕ್ಕೆ ಸುಮಾರು ಎರಡು ಆಂಪಿಯರು ಬೇಕು. ನಾನು ಹಾಕಿದ್ದ 35 ವ್ಯಾಟಿನ ದೊಡ್ಡ ದೀಪಕ್ಕೆ ಹೆಚ್ಚು ಕಡಿಮೆ ಆರು. ಹಿಂದಿನ ದೀಪವೂ ಸೇರಿದರೆ ಒಟ್ಟು ಒಂಬತ್ತರ ಹತ್ತಿರ. ನನ್ನ ಬ್ಯಾಟರಿಯು ಹೊಸದಾಗಿದ್ದಾಗ 14 ಆಂಪಿಯರ್-ಘಂಟೆಯದು. ಕಾಗದದ ಮೇಲೆ ಒಂದೂವರೆ ಘಂಟೆಯ ಆಯುಸ್ಸು. ಹಳೆಯ ಬ್ಯಾಟರಿಗೆ ಅಷ್ಟೂ ಇಲ್ಲ. ಕುಶಾಲನಗರದ ಆಚೆ ಆನೆಕಾಡು. ಹೆಸರೇ ಹೇಳುವಂತೆ ಅಲ್ಲಿ ಆನೆಗಳು ರಸ್ತೆ ದಾಟುತ್ತವೆ. ದೀಪವಿಲ್ಲದೆ, ಕಿಡಿಯೂ ಇಲ್ಲದೆ ಅಲ್ಲಿ ನಿಂತರೆ ಗತಿಯೇನು? ಅತ್ತ ಅಪ್ಪನು ಸಂಜೆಯಿಂದಲೇ ಜಗುಲಿಯಲ್ಲಿ ಕಿವಿಗೊಟ್ಟು ಕುಳಿತಿರುವರೆಂದು ಅಕ್ಕನು ಫೋನಿನಲ್ಲಿ ಹೇಳಿದ್ದಳು.

ಬೈಲುಕುಪ್ಪೆಯಲ್ಲಿ ಬಂಡಿಯನ್ನು ನಿಲ್ಲಿಸಿದೆನು. 1961ರಲ್ಲಿ, ಅಂದಿನ ಮೈಸೂರು ಸರ್ಕಾರವು ಕೊಟ್ಟ ಭೂಮಿಯಲ್ಲಿ, ಟಿಬೆಟ್ಟಿನಿಂದ ನಿರಾಶ್ರಿತರಾಗಿ ಬಂದವರು ನೆಲೆನಿಂತ ಸ್ಥಳವಿದು. ಬಣ್ಣದ ಪತಾಕೆಗಳು ಗಾಳಿಗೆ ಹಾರುತ್ತಿದ್ದವು; ಕೆಂಪು ವಸ್ತ್ರದ ಬಾಲ ಸನ್ಯಾಸಿಗಳಿಬ್ಬರು ನಗುತ್ತ ದಾಟಿ ಹೋದರು. ನಾನು ಮರದ ನೆರಳಿನಲ್ಲಿ ಬ್ಯಾಟರಿಯ ಎರಡು ತುದಿಗಳನ್ನೂ ಬಿಚ್ಚಿ ಉಜ್ಜಿ ಬಿಗಿದೆನು. ಫ್ಯೂಸನ್ನು ನೋಡಿದೆನು, ಸರಿಯಾಗಿತ್ತು. ಬಲಗಡೆಯ ಮುಚ್ಚಳ ತೆಗೆದು ಡೈನಮೊವಿನ ಕಾರ್ಬನ್ನುಗಳನ್ನು ನೋಡಿದೆನು. ಅವು ಸವೆದಿರಲಿಲ್ಲ, ತಮ್ಮ ಮನೆಯಲ್ಲಿ ಸಲೀಸಾಗಿ ಸರಿಯುತ್ತಿದ್ದವು. ಅವು ತಾಗುವ ತಾಮ್ರದ ಉರುಳೆಯನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿದೆನು. ಒದ್ದು ಇಂಜಿನ್ನನ್ನು ಎಬ್ಬಿಸಿದೆನು. ಕೆಂಪು ದೀಪವು ಮೊದಲಿನಂತೆಯೇ ನನ್ನನ್ನು ದಿಟ್ಟಿಸಿ ನೋಡುತ್ತಿತ್ತು.

ಕಾವೇರಿಯ ಸೇತುವೆಯನ್ನು ದಾಟಿ ಕುಶಾಲನಗರವನ್ನು ಸೇರುವ ವೇಳೆಗೆ ಸೂರ್ಯನು ಮುಳುಗುತ್ತಿದ್ದನು. ಈ ಊರನ್ನು ಹಿಂದೆ ಫ್ರೇಜರ್‌ಪೇಟೆ ಎನ್ನುತ್ತಿದ್ದರು. ನದಿಯ ಈಚೆಗೆ ಮೈಸೂರು ಜಿಲ್ಲೆ, ಆಚೆಗೆ ಕೊಡಗು. ವಿಚಾರಿಸುತ್ತ ಹೋಗಿ, ರಸ್ತೆಯ ಬದಿಯಲ್ಲಿ ತಗಡಿನ ಮಾಡಿನ ಒಂದು ಅಂಗಡಿಯನ್ನು ಕಂಡೆನು. ಎಪ್ಪತ್ತರ ಆಸುಪಾಸಿನ ಒಬ್ಬ ಮುದುಕರು ಬಾಗಿಲು ಹಾಕುವುದರಲ್ಲಿದ್ದರು. ಬಂಡಿಯ ಸದ್ದು ಕೇಳಿ ಕೈ ತಡೆದರು.

"ಯಜಮಾನರೇ, ಕಟ್‌ಔಟ್ ಸುಟ್ಟುಹೋದ ಹಾಗಿದೆ. ಬೇರೆ ಸಿಕ್ಕುತ್ತದೆಯೆ?" ಎಂದೆನು.

"ಸುಟ್ಟಿದೆ ಅಂತ ಯಾರು ಹೇಳಿದ್ರು ಸ್ವಾಮಿ?" ಎಂದು ಅವರು ಹತ್ತಿರ ಬಂದು ಕುಳಿತರು. "ಅದು ಇರಲಿ. ಈ ಗಾಡಿ ವೈರಿಂಗು ಕಡೇ ಸಲ ಯಾರು ಮುಟ್ಟಿದ್ದು?"

"ನಾನೇ."

"ಪೇಂಟು?"

"ಅದನ್ನೂ ಈ ವರ್ಷವೇ ಮಾಡಿಸಿದೆ. ಮೂರು ಸಲ ಹೊಡೆದಿದೆ."

ಅವರು ಏನೂ ಹೇಳಲಿಲ್ಲ. ಸ್ವಲ್ಪ ನಕ್ಕಂತೆ ಕಂಡಿತು. ಆಮೇಲೆ ಅವರು ಮಾಡಿದ ಪರೀಕ್ಷೆಯನ್ನು ನಾನು ಕಣ್ಣಾರೆ ನೋಡಿದೆನಾಗಿ ಅದನ್ನು ಕ್ರಮವಾಗಿ ಹೇಳುತ್ತೇನೆ. ಡೈನಮೊವಿನಲ್ಲಿ ಅಯಸ್ಕಾಂತದ ಕೆಲಸ ಮಾಡುವ ಸುರುಳಿಗಳಿವೆ. ಅವುಗಳಿಗೆ ಫೀಲ್ಡು ಎಂದು ಹೆಸರು. ಸುರುಳಿಯ ಒಂದು ತುದಿಗೆ ಡೈನಮೊವೇ ವಿದ್ಯುತ್ತನ್ನು ಕೊಡುತ್ತದೆ. ಇನ್ನೊಂದು ತುದಿಯು ಒಂದು ತಂತಿಯ ಮೂಲಕ ಕಟ್‌ಔಟ್ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಬಂಡಿಯ ಲೋಹದ ಮೈಗೆ ಸೇರಿ, ಹಿಂದಿರುಗುವ ದಾರಿಯನ್ನು ಪಡೆಯುತ್ತದೆ. ಈ ಹಿಂದಿರುಗುವ ದಾರಿಗೇ ಅರ್ತು ಎನ್ನುವುದು. ಆ ದಾರಿ ಕಡಿದರೆ ಸುರುಳಿಗೆ ಬಲವಿಲ್ಲ. ಸುರುಳಿಗೆ ಬಲವಿಲ್ಲದಿದ್ದರೆ ಡೈನಮೊ ಎಷ್ಟು ತಿರುಗಿದರೂ ವಿದ್ಯುತ್ತು ಹುಟ್ಟುವುದಿಲ್ಲ.

ಮುದುಕರು ಮೊದಲು ಫೀಲ್ಡಿನ ತಂತಿಯನ್ನು ಪೆಟ್ಟಿಗೆಯಿಂದ ಬಿಡಿಸಿದರು. ಇಂಜಿನ್ನನ್ನು ಮೆಲ್ಲನೆ ಓಡಿಸುವಂತೆ ನನಗೆ ಹೇಳಿ, ಆ ತಂತಿಯ ತುದಿಯನ್ನು ಇಂಜಿನ್ನಿನ ಬರಿಯ ಲೋಹಕ್ಕೆ ಒತ್ತಿದರು. ಆಕ್ಸಲೇಟರನ್ನು ಸ್ವಲ್ಪವೇ ತಿರುಗಿಸಿದೆನು. ಕೆಂಪು ದೀಪವು ಮಂಕಾಯಿತು, ಆರಿಹೋಯಿತು.

"ಸಾಕು, ಜಾಸ್ತಿ ಕೊಡಬೇಡಿ. ಹೀಗೆ ನೇರವಾಗಿ ಕೊಟ್ಟಾಗ ಡೈನಮೊಗೆ ತಡೆಯೋರು ಯಾರೂ ಇಲ್ಲ, ಏರ್ತಾ ಹೋದ್ರೆ ಸುಟ್ಟುಹಾಕುತ್ತೆ," ಎಂದರು. "ಡೈನಮೊ ಚೆನ್ನಾಗಿದೆ. ಇನ್ನು ಉಳಿದಿದ್ದು ಎರಡೇ. ಪೆಟ್ಟಿಗೆ ಕೆಟ್ಟಿರಬೇಕು, ಇಲ್ಲ ಪೆಟ್ಟಿಗೆಗೆ ಅರ್ತು ಇಲ್ಲ. ಅಗ್ಗದ್ದು ಮೊದಲು ನೋಡಬೇಕು ಸ್ವಾಮಿ, ದುಬಾರಿ ಆಮೇಲೆ."

ತಂತಿಯನ್ನು ಪುನಃ ಪೆಟ್ಟಿಗೆಗೆ ಸೇರಿಸಿದರು. ದೀಪವು ಮತ್ತೆ ಕೆಂಪಗೆ ಹತ್ತಿತು. ಈಗ ಬೇರೊಂದು ತುಂಡು ತಂತಿಯ ಒಂದು ತುದಿಯನ್ನು ಪೆಟ್ಟಿಗೆಯ ಬುಡಕ್ಕೂ ಇನ್ನೊಂದನ್ನು ಇಂಜಿನ್ನಿಗೂ ಹಿಡಿದರು. ಆ ಕ್ಷಣವೇ ಕೆಂಪು ದೀಪವು ಆರಿತು. ಮುಂದಿನ ದೊಡ್ಡ ದೀಪವು ಒಮ್ಮೆಲೇ ಬೆಳ್ಳಗಾಗಿ ಅಂಗಡಿಯ ಗೋಡೆಯನ್ನು ಬೆಳಗಿತು. ತಂತಿಯನ್ನು ತೆಗೆದರೆ ಮತ್ತೆ ಕೆಂಪು, ಇಟ್ಟರೆ ಬೆಳಕು.

ಕಾರಣವು ಸ್ಪಷ್ಟವಾಯಿತು. ಪೆಟ್ಟಿಗೆಯು ತಿರುಪಿನಿಂದ ಚೌಕಟ್ಟಿಗೆ ಬಿಗಿದಿದ್ದ ಜಾಗದಲ್ಲಿ ನನ್ನ ಮೂರು ಹೊದಿಕೆಯ ಬಣ್ಣವಿತ್ತು. ಬಣ್ಣದಲ್ಲಿ ವಿದ್ಯುತ್ತು ಹರಿಯದು. ತಿರುಪಿನ ಎಳೆಗಳು ಬಣ್ಣವನ್ನು ಗೀಚಿದ್ದರಿಂದ ಒಂದಿಷ್ಟು ಸಂಪರ್ಕ ಉಳಿದು, ಬಂಡಿಯು ಮೈಸೂರಿನಿಂದ ಅಲ್ಲಿಯವರೆಗೆ ಬಂದಿತ್ತು. ಹಳ್ಳದ ಹೊಡೆತಕ್ಕೆ ಅದೂ ತಪ್ಪಿತು. ಯಾವ ಬಣ್ಣವನ್ನು ಹುಣಸೂರಿನಲ್ಲಿ ಜನರು ಮೆಚ್ಚಿದರೋ ಆ ಬಣ್ಣವೇ ದಾರಿಯನ್ನು ಕಟ್ಟಿತ್ತು.

"ಒಂದು ತಂತಿ ಕಾಯಮ್ಮಾಗಿ ಹಾಕ್ಬಿಡೋಣ. ಸ್ಪಾನರ್ ಇದ್ರೆ ಕೊಡಿ, ನನ್ನವು ಒಳಗೆ ಬೀಗ ಹಾಕಿದೀನಿ," ಎಂದರು.

ಸಾಮಾನಿನ ಚೀಲವನ್ನು ಬಿಚ್ಚಿ ನೆಲದ ಮೇಲೆ ಹರಡಿದೆನು. ಸ್ಪಾನರುಗಳೊಡನೆ ಬಟ್ಟೆ ಸುತ್ತಿದ ಆ ಮುದಿ ತಂತಿಯ ಸುರುಳಿಯೂ ಉರುಳಿ ಬಿದ್ದಿತು. ಅದರ ಎರಡು ತುದಿಗಳಲ್ಲಿಯೂ ತಾಮ್ರದ ಉಂಗುರಗಳಿದ್ದವು. ಮುದುಕರು ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಇದು ಎಲ್ಲಿತ್ತು?"

ನಾನು ಇದ್ದ ಸಂಗತಿಯನ್ನು ಹೇಳಿದೆನು. ಹೇಳುವಾಗ ನಾಚಿಕೆಯಾಯಿತು. ಅವರು ಒಂದು ಉಂಗುರವನ್ನು ಪೆಟ್ಟಿಗೆಯ ತಿರುಪಿಗೂ ಇನ್ನೊಂದನ್ನು ಇಂಜಿನ್ನಿನ ಬೋಲ್ಟಿಗೂ ಹಾಕಿದರು. ಉದ್ದವು ಒಂದು ಬೆರಳೂ ಹೆಚ್ಚಿರಲಿಲ್ಲ, ಒಂದು ಬೆರಳೂ ಕಡಿಮೆಯಿರಲಿಲ್ಲ.

"ಕಟ್ಟಿದೋರು ಗೊತ್ತಿದ್ದು ಕಟ್ಟಿದಾರೆ," ಎಂದಷ್ಟೇ ಹೇಳಿದರು. ಕೂಲಿ ಎಷ್ಟೆಂದು ಕೇಳಿದರೆ ನೂರು ರೂಪಾಯಿ ಎಂದರು. "ತಂತಿ ನಿಮ್ಮದೇ, ಸ್ಪಾನರೂ ನಿಮ್ಮದೇ. ಇದು ಬರೀ ಹುಡುಕಿದ್ದಕ್ಕೆ," ಎಂದು ನೋಟನ್ನು ಕಣ್ಣಿಗೆ ಒತ್ತಿಕೊಂಡು ಜೇಬಿಗಿಟ್ಟರು.

ಆನೆಕಾಡನ್ನು ನಾನು ದಾಟಿದಾಗ ಪೂರ್ತಿ ಕತ್ತಲಾಗಿತ್ತು. ಮರಗಳು ಎರಡು ಕಡೆಯೂ ಗೋಡೆ ಕಟ್ಟಿದಂತೆ ನಿಂತಿದ್ದವು. ಚಳಿಗಾಳಿಯಲ್ಲಿ ಒದ್ದೆ ಎಲೆಯ ವಾಸನೆ ಬರುತ್ತಿತ್ತು. ಒಂದು ತಿರುವಿನಲ್ಲಿ ರಸ್ತೆಯ ಮೇಲೆ ಹೊಸದಾಗಿ ಬಿದ್ದ ಲದ್ದಿಯೂ ಮುರಿದ ಬಿದಿರೂ ಕಂಡವು. ಮೈ ಜುಮ್ಮೆಂದಿತು. ಆಗಾಗ ಕೆಂಪು ದೀಪದ ಕಡೆಗೆ ಕಣ್ಣು ಹೋಗುತ್ತಿತ್ತು. ಅದು ಕಪ್ಪಗೆ ಶಾಂತವಾಗಿತ್ತು. ಸುಂಟಿಕೊಪ್ಪದಲ್ಲಿ ಅಂಗಡಿಗಳ ಬೆಳಕನ್ನು ಕಂಡಾಗ, ಹಿಡಿದಿದ್ದ ಉಸಿರನ್ನು ಬಿಟ್ಟೆನು. ಅಲ್ಲಿಂದ ಮುಂದೆ ಕಾಫಿ ತೋಟಗಳ ನಡುವೆ ಏರುದಾರಿ. ಎಂಟು ಘಂಟೆಗೆ ಮಡಿಕೇರಿಯ ದೀಪಗಳು ಮಂಜಿನಲ್ಲಿ ಕಂಡವು.

ಅಕ್ಕನ ಮನೆಯ ಇಳಿಜಾರಿನಲ್ಲಿ ನಾನು ಇಳಿಯುವ ಮೊದಲೇ ತಂದೆಯವರು ಎದ್ದು, ಗೋಡೆಯನ್ನು ಹಿಡಿದುಕೊಂಡು ಜಗುಲಿಯ ಮೆಟ್ಟಿಲಿನವರೆಗೆ ಬಂದಿದ್ದರು. ಇಂಜಿನ್ನನ್ನು ಆರಿಸಹೋದೆನು, ಬೇಡವೆಂದು ಕೈಸನ್ನೆ ಮಾಡಿದರು. ಎರಡು ನಿಮಿಷ ತಲೆ ಬಗ್ಗಿಸಿ ಕೇಳುತ್ತ ನಿಂತರು. ಅಕ್ಕನು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವರು ಬಂಡಿಯ ಬಣ್ಣವನ್ನು ಕೇಳಲಿಲ್ಲ. ಹತ್ತಿರ ಬಂದು, ತೊಟ್ಟಿಯ ಮೇಲೆ ಕೈಯಾಡಿಸಿ, ಪಕ್ಕದ ಪೆಟ್ಟಿಗೆಯ ಕೆಳಗೆ ಬೆರಳು ಹಾಕಿ ಹುಡುಕಿದರು. ಬಟ್ಟೆ ಸುತ್ತಿದ ತಂತಿಯು ಕೈಗೆ ತಾಗಿದಾಗ, "ಇದೆ," ಎಂದರು.

ಊಟವಾದ ಮೇಲೆ ನಾನು ನಡೆದುದನ್ನೆಲ್ಲ ಒಪ್ಪಿಸಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನೀನು ಆಗ ಒಂಬತ್ತು ತಿಂಗಳ ಕೂಸು. ನಿನ್ನ ತಾಯಿ ನಿನ್ನನ್ನು ಮಡಿಲಲ್ಲಿ ಕಟ್ಟಿಕೊಂಡು ಹಿಂದೆ ಕುಳಿತಿದ್ದಳು. ಆನೆಕಾಡಿನ ನಡುವೆ ದೀಪ ಆರಿತು, ಬಂಡಿಯೂ ನಿಂತಿತು. ಮರದ ದಿಮ್ಮಿಯ ಲಾರಿಯೊಂದು ಬರುವವರೆಗೆ ಎರಡು ಘಂಟೆಯ ಕಾಲ ಕತ್ತಲೆಯಲ್ಲಿ ನಿಂತಿದ್ದೆವು. ನೀನು ಅಳಬಾರದೆಂದು ಅವಳು ಮೆಲ್ಲಗೆ ಹಾಡುತ್ತಿದ್ದಳು. ಮರುದಿನ ನೋಡಿದರೆ ಆ ತಿರುಪಿನ ಬುಡಕ್ಕೆ ತುಕ್ಕು ಹಿಡಿದಿತ್ತು, ಅಷ್ಟೆ. ಇನ್ನು ಮೇಲೆ ತಿರುಪನ್ನು ನಂಬುವುದಿಲ್ಲವೆಂದು ಆ ತಂತಿಯನ್ನು ಕಟ್ಟಿದೆ. ನಕ್ಷೆ ಬರೆದವನು ಆನೆಕಾಡನ್ನು ನೋಡಿರಲಿಲ್ಲ."

ನಮ್ಮ ತಾಯಿಯವರು ತೀರಿಕೊಂಡು ಹದಿನಾರು ವರ್ಷವಾಯಿತು. ಈ ಸಂಗತಿಯನ್ನು ಅವರು ನನಗೆ ಎಂದೂ ಹೇಳಿರಲಿಲ್ಲ.

ಮರುದಿನ ಬೆಳಗ್ಗೆ ಬಿಸಿಲು ಬಂದ ಮೇಲೆ ನಾನು ಪೆಟ್ಟಿಗೆಯನ್ನು ಬಿಚ್ಚಿ, ಅದು ಕುಳಿತುಕೊಳ್ಳುವ ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಬೆಳ್ಳಗೆ ಹೊಳೆಯುವ ಲೋಹವನ್ನು ಕಾಣಿಸಿದೆನು. ತುಕ್ಕು ಹಿಡಿಯದಂತೆ ಸ್ವಲ್ಪ ಗ್ರೀಸು ಸವರಿದೆನು. ಕೊನೆಯ ತಿರುಪನ್ನು ಬಿಗಿಯುವಾಗ ತಂದೆಯವರು ಕೈ ನೀಡಿ ಸ್ಪಾನರನ್ನು ತೆಗೆದುಕೊಂಡು, ಉಂಗುರವನ್ನು ಬೆರಳಿನಿಂದ ಮುಟ್ಟಿ ನೋಡಿ, ತಾವೇ ಬಿಗಿದರು. ಅವರ ಕೈ ನಡುಗುತ್ತಿತ್ತು. ತಿರುಪು ಮಾತ್ರ ಸರಿಯಾಗಿ ಕುಳಿತಿತು.

ಹಳೆಯ ಬಂಡಿಗಳನ್ನು ಇಟ್ಟುಕೊಂಡ ವಾಚಕರಿಗೆ ನನ್ನದೊಂದು ಬಿನ್ನಹ. ಕೆಂಪು ದೀಪ ಹತ್ತಿದರೆ ಡೈನಮೊವನ್ನಾಗಲಿ ಕಟ್‌ಔಟನ್ನಾಗಲಿ ಒಮ್ಮೆಗೇ ದೂರಬೇಡಿ. ಮೊದಲು ಅರ್ತನ್ನು ನೋಡಿ. ನಿಮ್ಮ ಹಿರಿಯರು ಎಲ್ಲಿಯಾದರೂ ಒಂದು ಅಂದಗೇಡಿ ತಂತಿಯನ್ನು ಕಟ್ಟಿದ್ದರೆ, ಅದನ್ನು ಬಿಚ್ಚುವ ಮುಂಚೆ, ಅವರು ಇನ್ನೂ ಹೇಳಬಲ್ಲವರಾಗಿದ್ದಾಗಲೇ, ಏಕೆ ಕಟ್ಟಿದಿರೆಂದು ಒಂದು ಮಾತು ಕೇಳಿ.